ಸುಣ್ಣದ ಬೊಟ್ಟು

ಯೂಸುಫಸಾಬ ಮತ್ತು ಅವನ ತಮ್ಮ ಅಜೀಮ ಕೆಲಸದ ನಡುವೆ ಮಾತಾಡುವವರಲ್ಲ. ಬ್ಯಾಡಗಿಯಲ್ಲಿ ನೆಲದೊಳಗೆ ಕರೆಂಟಿನ ಪೈಪು ಹಾಕಿಸಬೇಕೆಂದರೆ ಜನ ಇವರನ್ನೇ ಕರೆಯುತ್ತಿದ್ದರು. ಮೊದಲು ಪಿವಿಸಿ ಪೈಪುಗಳನ್ನು ಅಂಟು ಹಚ್ಚದೆಯೇ ಒಂದಕ್ಕೊಂದು ಸಿಕ್ಕಿಸಿ ತಗ್ಗಿನುದ್ದಕ್ಕೂ ಮಲಗಿಸುವುದು; ಅಳತೆ ಸರಿ ಕಂಡ ಮೇಲೆ ಒಂದೊಂದೇ ಕೂಡಿಕೆ ಬಿಚ್ಚಿ, ಒರೆಸಿ, ಸಲೂಷನ್ ಎಂಬ ಅಂಟು ಹಚ್ಚಿ, ತುಸು ತಿರುವಿ ಒತ್ತಿ ಹಿಡಿಯುವುದು. ಸಿಕ್ಕಿಸಿದ್ದಕ್ಕೂ ಅಂಟಿಸಿದ್ದಕ್ಕೂ ನೋಡಲು ಏನೂ ಫರಕಿಲ್ಲ. ಅದಕ್ಕೇ ಯೂಸುಫಸಾಬ ಅಂಟಿಸಿದ ಕೂಡಲೇ ತನ್ನ ತಂಬಾಕಿನ ಡಬ್ಬಿಯಿಂದ ಸುಣ್ಣ ತೆಗೆದು ಅದರ ಮೇಲೊಂದು ಬೊಟ್ಟು ಇಡುತ್ತಿದ್ದ. ಅಜೀಮನೂ ಹಾಗೇ. ಬೊಟ್ಟು ಕಂಡರೆ ಆಯಿತು, ಅಣ್ಣ ತಮ್ಮನನ್ನು ಕೇಳಬೇಕಿಲ್ಲ, ತಮ್ಮ ಅಣ್ಣನನ್ನು ಕೇಳಬೇಕಿಲ್ಲ. ಕೇಳಿದ್ದರೆ ಬಾಯಲ್ಲಿನ ಮುತ್ತೇನು ಉದುರುತ್ತಿತ್ತೋ ನನಗಂತೂ ತಿಳಿಯದು.

ಈ ಸಲ ಕೆಲಸ ವಿಜಯಮಹಾಂತೇಶ ಸಾವಕಾರರ ಮೆಣಸಿನಕಾಯಿ ಕಣದಲ್ಲಿತ್ತು. ಗೇಟಿನ ಬಳಿಯ ಮೀಟರಿನಿಂದ ಹೊರಟ ಲೈನು ಕಣದ ಅಡಿಯಲ್ಲಿ ಹಾದು, ತಗಡಿನ ಶೆಡ್ಡಿನ ಕಬ್ಬಿಣದ ಕಂಬದ ಬುಡ ಸವರಿಕೊಂಡು, ಹಿಂದಿನ ಗೋದಾಮಿನ ಯಂತ್ರಕ್ಕೆ ಹೋಗಬೇಕು. ಆ ಕಂಬಕ್ಕೆ ಬೆನ್ನು ಕೊಟ್ಟು ದಿನವಿಡೀ ಕಾಯಿಯ ತೊಟ್ಟು ಬಿಡಿಸುವವಳು ನಾಗಲಕ್ಷ್ಮಿ, ಹೆಣ್ಣಾಳುಗಳಲ್ಲಿ ಹಿರಿಯಳಾದ ಹೊನ್ನವ್ವನ ಒಬ್ಬಳೇ ಮಗಳು. ಕಾಯಿ ಮುರಿಯಬಾರದೆಂದು ರಾಶಿಗೆ ನೀರು ಚಿಮುಕಿಸುತ್ತಾರೆ, ಹಾಗಾಗಿ ಅಲ್ಲಿ ನೆಲ ಸದಾ ಹಸಿ. ಕರೆಂಟು ಸೋರಿದರೆ ತಾನೇ ಬೀಳುವಂಥ ಸ್ವಿಚ್ಚೊಂದು ಹಾಕಿಸಿರಿ ಎಂದು ಯೂಸುಫಸಾಬ ಹೇಳಿದ್ದ. ಸೀಜನ್ನು ಮುಗಿಯಲಿ ಎಂದರು ಸಾವಕಾರರು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಪೈಕಿ ಅವರು.

ಅಂಟಿಸುವ ದಿನ ಶುಕ್ರವಾರ, ಮೇಲೆ ಅಮಾವಾಸ್ಯೆ. ಗೇಟಿನ ಕಡೆಯಿಂದ ಅರ್ಧ ಮುಗಿಯುವಷ್ಟರಲ್ಲಿ ನಮಾಜಿನ ಹೊತ್ತಾಯಿತು. ಉಳಿದದ್ದನ್ನು ಮುಗಿಸಿ ಬಾ ಎಂದು ತಮ್ಮನಿಗೆ ಹೇಳಿ ಯೂಸುಫಸಾಬ ಹೊರಟ. ಸ್ವಲ್ಪದರಲ್ಲೇ ಅಜೀಮನ ಸಲೂಷನ್ ಡಬ್ಬಿ ಬರಿದಾಯಿತು. ಹೊಸದು ತರಲು ಹೋದರೆ ಅಂಗಡಿಯ ಖಲಂದರನೂ ಬಾಗಿಲು ಹಾಕಿ ನಮಾಜಿಗೆ ಹೋಗಿದ್ದ. ಅಜೀಮ ಹಾಗೇ ಮಸೀದಿಯ ದಾರಿ ಹಿಡಿದ.

ಇತ್ತ, ಬಾಯಿ ತೆರೆದ ತಗ್ಗಿನ ದಂಡೆಗೆ ಹೊನ್ನವ್ವ ಬಂದು ನಿಂತಳು. ಅರ್ಧ ಪೈಪಿಗೆ ಬಿಳಿ ಬೊಟ್ಟು, ಕಂಬದ ಕಡೆಯ ಅರ್ಧ ಬೋಳು. ಹೊಲದಲ್ಲಿ ಕರಿ ಗಡಿಗೆಗೆ ಸುಣ್ಣದ ಬೊಟ್ಟಿಟ್ಟು ದೃಷ್ಟಿ ಕಳೆಯುವವರ ಮನೆಯವಳು ಅವಳು. ಸಾಬನೂ ನಮ್ಮ ಪದ್ಧತಿ ಹಿಡಿದಿದ್ದಾನೆ, ಪಾಪ, ನಮಾಜಿನ ಅವಸರದಲ್ಲಿ ಅರ್ಧಕ್ಕೆ ಬಿಟ್ಟಿದ್ದಾನೆ ಎಂದುಕೊಂಡಳು. ಅಮಾವಾಸ್ಯೆಯ ದಿನ, ಅದೂ ಮಗಳು ಕೂರುವ ಜಾಗದಲ್ಲೇ ಬೋಳು ಇರಬೇಕೇ? ಸೊಂಟದ ಎಲೆಚೀಲ ಬಿಚ್ಚಿ, ಅವನು ಇಟ್ಟ ಹಾಗೆಯೇ ಉಳಿದ ಕೂಡಿಕೆಗಳಿಗೆಲ್ಲ ಸುಣ್ಣ ಇಟ್ಟಳು. ಯಾರಿಗೂ ಹೇಳಲಿಲ್ಲ. ದೃಷ್ಟಿ ಕಳೆದದ್ದನ್ನು ಬಾಯಿಬಿಟ್ಟು ಹೇಳಿದರೆ ಅದು ಮರಳಿ ಬರುತ್ತದೆಂದು ಅವಳ ನಂಬಿಕೆ. ಒಳ್ಳೆಯ ಹೆಂಗಸು. ಆ ಒಳ್ಳೆಯತನ ನೆನೆದರೇ ನನಗೆ ಸಿಟ್ಟು ಬರುತ್ತದೆ.

ಯೂಸುಫಸಾಬ ಮೊದಲು ಮರಳಿದ. ಗೇಟಿನಲ್ಲಿ ಕಾಯಿ ಹೇರಿಕೊಂಡ ಟ್ರ್ಯಾಕ್ಟರು ಒಳಗೆ ಬಿಡಿ ಎಂದು ಹಾರ್ನು ಹೊಡೆಯುತ್ತಿತ್ತು. ನೋಡಿದ, ಎಲ್ಲದಕ್ಕೂ ಬೊಟ್ಟು. ತಮ್ಮ ಮುಗಿಸಿದ್ದಾನೆ ಎಂದು ತಂತಿ ಎಳೆದು ಮಣ್ಣು ಮುಚ್ಚಿಸಿದ. ಮನೆಯಲ್ಲಿ ಊಟ ಮಾಡಿ ತಡವಾಗಿ ಬಂದ ಅಜೀಮ ಮುಚ್ಚಿದ ತಗ್ಗು ನೋಡಿ, ಅಣ್ಣನ ಚೀಲದಲ್ಲಿ ಇನ್ನೊಂದು ಡಬ್ಬಿ ಇದ್ದಿರಬೇಕು, ಅವನೇ ಮುಗಿಸಿದ್ದಾನೆ ಎಂದುಕೊಂಡ. ಇಬ್ಬರೂ ಸಾಮಾನು ಕಟ್ಟಿಕೊಂಡು ಮನೆಗೆ ಹೋದರು.

ಟ್ರ್ಯಾಕ್ಟರುಗಳು ಅದರ ಮೇಲೆ ಹಾಯ್ದವು. ಅಂಟಿರದ ಕೂಡಿಕೆ ಮಣ್ಣಿನೊಳಗೆ ಸರಿಯಿತು, ಚಿಮುಕಿಸಿದ ನೀರು ಒಳಗಿಳಿಯಿತು, ಪೈಪಿನ ಅಂಚು ತಂತಿಯ ಮೈ ಸವೆಸತೊಡಗಿತು. ಕಂಬದ ಬುಡದಲ್ಲಿ ಮಲಗುತ್ತಿದ್ದ ಬೆಕ್ಕು ಜಾಗ ಬದಲಿಸಿತು. ಆಮೇಲೆ ನಾಗಲಕ್ಷ್ಮಿಯ ಅಂಗಾಲು ಚುರುಗುಟ್ಟಿತು. ಪಕ್ಕದಲ್ಲಿ ಕೂರುತ್ತಿದ್ದ ಸುಶೀಲವ್ವ, ಖಾರ ಹತ್ತಿದೆ ಎಂದು ನಕ್ಕಳು. ನಾವು ಬ್ಯಾಡಗಿಯವರು, ಕೈ ಉರಿದರೂ ಖಾರ, ಕಣ್ಣು ಉರಿದರೂ ಖಾರ, ಚೇಳು ಕಚ್ಚಿದರೂ ಮೊದಲು ಬೆಣ್ಣೆ ಸವರಿ ನೋಡುತ್ತೇವೆ. ನಾಗಲಕ್ಷ್ಮಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮತ್ತೆ ಅದೇ ಕಂಬಕ್ಕೆ ಒರಗಿ ಕುಳಿತಳು.

ಒಂದು ಮಧ್ಯಾಹ್ನ ನಾಗಲಕ್ಷ್ಮಿ, ಕಂಬ ಮುಟ್ಟಿದರೆ ಕೈ ಜುಂ ಎನ್ನುತ್ತದೆ ಎಂದಳು. ಹೊನ್ನವ್ವ ಆಗಲೇ ಎದ್ದಳು. ರಸ್ತೆಯಲ್ಲಿ ಹೊರಟಿದ್ದ ಯೂಸುಫಸಾಬನನ್ನು ಶೆಡ್ಡಿನ ತನಕ ಕರೆತಂದು, ಪೈಪನ್ನೊಮ್ಮೆ ನೋಡು ಎಂದಳು. ತನ್ನ ಕೆಲಸದ ಮೇಲೆ ಅನುಮಾನ ಬಂತೆಂದು ಅವನಿಗೆ ಬೇಸರವಾಯಿತು.

"ಒಂದ ಕೂಡಿಕೀನೂ ಬಿಟ್ಟಿಲ್ಲ, ಹೊನ್ನಕ್ಕ. ನಾವು ಸಲೂಷನ್ ಹಚ್ಚಿ ಅಂಟಿಸಿದ್ದಕ್ಕಷ್ಟ ಸುಣ್ಣದ ಬೊಟ್ಟು ಇಡ್ತೇವಿ. ಎಲ್ಲಾದಕ್ಕೂ ಬೊಟ್ಟಿತ್ತು, ನಾನ ನೋಡೇನಿ."

ಎಲೆಗೆ ಸುಣ್ಣ ಸವರುತ್ತಿದ್ದ ಹೊನ್ನವ್ವನ ಬೆರಳು ನಿಂತಿತು.

"ಈ ಕಂಬದ ಕಡೀ ಬೊಟ್ಟು ನಾ ಇಟ್ಟಿದ್ದು, ಯೂಸುಫಣ್ಣ. ದೃಷ್ಟಿ ಆಗಬಾರದಂತ ಇಟ್ಟೆ."

ಯೂಸುಫಸಾಬ ಕಂಬ ಯಾರೂ ಮುಟ್ಟಬೇಡಿ ಎಂದು ಕೂಗುತ್ತ, ಹರವಿದ ಕಾಯಿ ತುಳಿದುಕೊಂಡು ಗೇಟಿನ ಸ್ವಿಚ್ಚಿನತ್ತ ಓಡಿದ. ಗೋದಾಮಿನ ಯಂತ್ರದ ಸದ್ದಿನಲ್ಲಿ ಆ ಕೂಗು ಯಾರಿಗೂ ಕೇಳಲಿಲ್ಲ. ರಾಶಿಗೆ ನೀರು ಚಿಮುಕಿಸಿ ಬಂದ ನಾಗಲಕ್ಷ್ಮಿ, ಕೂರಲೆಂದು ಒದ್ದೆ ಕೈಯಿಂದ ಕಂಬ ಹಿಡಿದಳು. ಹಿಡಿದ ಕೈ ಬಿಡಲಿಲ್ಲ, ಬಾಯಿಂದ ಸ್ವರ ಹೊರಡಲಿಲ್ಲ.

ಮುಟ್ಟಬಾರದೆಂದು ಹೊನ್ನವ್ವನಿಗೆ ಗೊತ್ತಿತ್ತು. ಆ ಕಣದಲ್ಲಿ ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಹೋಗಿ ಮಗಳ ತೋಳು ಹಿಡಿದು ಎಳೆದಳು.

ಗೇಟಿನಲ್ಲಿ ಯೂಸುಫಸಾಬ ಸ್ವಿಚ್ಚು ಕೆಡವಿದ, ಯಂತ್ರ ನಿಂತಿತು. ಕಾಯಿಯ ರಾಶಿಯ ಮೇಲೆ ಬಿದ್ದಿದ್ದ ನಾಗಲಕ್ಷ್ಮಿ ಕೆಮ್ಮಿ, ಉಸಿರೆಳೆದು, ಅವ್ವಾ ಎಂದಳು. ಹಸಿ ನೆಲದ ಮೇಲೆ ಬಿದ್ದಿದ್ದ ಹೊನ್ನವ್ವನಿಗೆ ಉಸಿರು ಮರಳಲಿಲ್ಲ. ಮಗಳ ತೋಳಿನಿಂದ ಅವಳ ಕೈಯನ್ನು ಸುಶೀಲವ್ವ ಬೆರಳು ಬೆರಳಾಗಿ ಬಿಡಿಸಬೇಕಾಯಿತು. ಬಿಡಿಸಿದ ಜಾಗದಲ್ಲಿ, ನಾಗಲಕ್ಷ್ಮಿಯ ತೋಳಿನ ಮೇಲೆ, ಸುಣ್ಣದ ಬೊಟ್ಟೊಂದು ಉಳಿದಿತ್ತು.