ಒಬ್ಬಂಟಿ ಡ್ಯೂಟಿ

ಲಿಫ್ಟಿನ ಅಡಿಯ ಗುಂಡಿ ಎಂದರೆ ಸುಕುಮಾರನಿಗೆ ಮೊದಲೆಲ್ಲ ಹೆದರಿಕೆ ಇರಲಿಲ್ಲ. ಕುವೈತಿಗೆ ಬಂದಾಗಿನಿಂದ ಅವನು ಒಂದೇ ಜರ್ಮನ್ ಲಿಫ್ಟ್ ಕಂಪನಿಯಲ್ಲಿ ಮೆಕ್ಯಾನಿಕ್. ಸಾಲ್ಮಿಯಾದ ಕಡಲಂಚಿನ ಕಟ್ಟಡಗಳಿಂದ ಹಿಡಿದು ತಾನು ಬಾಡಿಗೆಗಿದ್ದ ರಿಗ್ಗೈಯ ಹಳೆಯ ಬಿಲ್ಡಿಂಗುಗಳವರೆಗೆ ಎಲ್ಲ ಕಡೆಯೂ ಲಿಫ್ಟಿನ ನೆತ್ತಿಯ ಮೇಲೆ ನಿಂತು ಕೆಲಸ ಮಾಡಿದ್ದ, ಅದರ ಅಡಿಯ ಗುಂಡಿಗೆ ಇಳಿದು ಗ್ರೀಸ್ ಹಚ್ಚಿದ್ದ. ಜೊತೆಗೆ ಯಾವಾಗಲೂ ಡೋಲ್ಫಿ ಇರುತ್ತಿದ್ದ. ಸುಕುಮಾರ ಮೂಡುಬಿದಿರೆಯವನು, ಡೋಲ್ಫಿ ಬಂಟ್ವಾಳದವನು. ಒಬ್ಬ ಒಳಗಿಳಿದರೆ ಇನ್ನೊಬ್ಬ ಹೊರಗೆ ಸ್ವಿಚ್ಚಿನ ಹತ್ತಿರ ನಿಲ್ಲಬೇಕು ಎನ್ನುವುದು ಕಂಪನಿಯ ಕಟ್ಟುನಿಟ್ಟಿನ ನಿಯಮ. ಅದನ್ನು ಅವರಿಬ್ಬರಿಗೂ ಕಲಿಸಿದವಳು ಹೈಕೆ ಎಂಬ ಜರ್ಮನ್ ಹೆಂಗಸು. ಅವಳೂ ಮೆಕ್ಯಾನಿಕ್ಕೇ. ತರಬೇತಿ ಕೊಡಲು ಬಂದವಳು ಕುವೈತಿನ ಬಿಸಿಲಲ್ಲಿ ಟೊಮೆಟೊ ಹಣ್ಣಿನಂತೆ ಕೆಂಪಾಗಿ, ಡೋಲ್ಫಿಯ ಟಿಫಿನ್ನಿನ ಮೀನು ಸಾರು ತಿಂದು ಕಣ್ಣೀರು ಹಾಕಿಕೊಂಡು ಊರಿಗೆ ಮರಳಿದ್ದಳು.

ಆಮೇಲೆ ಜರ್ಮನಿಯ ಮುಖ್ಯ ಕಂಪನಿಯನ್ನೇ ಒಡೆದು ಹೊಸದಾಗಿ ಕಟ್ಟುತ್ತಾರೆ ಎಂಬ ಸುದ್ದಿ ಬಂತು. ಇಲ್ಲಿ ಅದು ಮುಟ್ಟಿದ್ದು ಒಂದು ಬೆಳಿಗ್ಗೆ, ಗೋಡೌನಿನಲ್ಲಿ ಕರೆದ ಮೀಟಿಂಗಿನಲ್ಲಿ. ಮ್ಯಾನೇಜರ್ ರಾಜಗೋಪಾಲ ಮೈಸೂರು ಕಡೆಯ ಇಂಜಿನಿಯರ್, ಗಟ್ಟಿಯಾಗಿ ಮಾತಾಡಿ ಗೊತ್ತಿಲ್ಲದ ಮನುಷ್ಯ. ಅವತ್ತು ಕೈಯಲ್ಲಿದ್ದ ಕಾಗದದಿಂದ ಕಣ್ಣೆತ್ತದೆ ಓದಿದ. ಸರ್ವಿಸ್ ವಿಭಾಗ ಇನ್ನು ಕಂಪನಿಯದಲ್ಲ. ಎಲ್ಲರ ಇಕಾಮಾ, ಅಂದರೆ ಈ ದೇಶದಲ್ಲಿರಲು ಬೇಕಾದ ಪರವಾನಗಿ, ಆಳು ಒದಗಿಸುವ ಒಂದು ಏಜೆನ್ಸಿಯ ಹೆಸರಿಗೆ ಹೋಗುತ್ತದೆ. ಕೆಲಸ ಕಂಪನಿ ಕೊಡುವ ಫೋನಿನ ಆ್ಯಪಿನಲ್ಲಿ ಬರುತ್ತದೆ, ಬಂದದ್ದನ್ನು ಒಬ್ಬೊಬ್ಬರೇ ಹೋಗಿ ಮುಗಿಸಬೇಕು.

"ಇನ್ಮೇಲೆ ನೀವು ಎಂಪ್ಲಾಯೀಸ್ ಅಲ್ಲ, ಸರ್ವಿಸ್ ಪಾರ್ಟ್ನರ್ಸ್" ಎಂದ ಕೊನೆಗೆ.

"ಪಾರ್ಟ್ನರ್ ಅಂದ್ರೆ ಲಾಭದಲ್ಲಿ ಪಾಲು ಉಂಟಾ ಸರ್?" ಎಂದು ಡೋಲ್ಫಿ ಕೇಳಿದ. ಎಲ್ಲರೂ ನಕ್ಕರು. ರಾಜಗೋಪಾಲ ನಗಲಿಲ್ಲ.

ಒಬ್ಬನೇ ಇಳಿಯತೊಡಗಿದ ಮೇಲೆಯೇ ಸುಕುಮಾರನಿಗೆ ಗುಂಡಿಯ ಕತ್ತಲು ಗೊತ್ತಾದದ್ದು. ಮೇಲಿನಿಂದ ಯಾರೂ "ಆಯ್ತಾ ಅಣ್ಣ?" ಎಂದು ಕೇಳುವುದಿಲ್ಲ. ತಲೆಯ ಮೇಲೆ ತೂಗುವ ಲಿಫ್ಟು ಉಸಿರಾಡಿದಂತೆ ಕಿರುಗುಟ್ಟುತ್ತದೆ. ಕೆಲಸ ತಡವಾದರೆ ಜೇಬಿನ ಫೋನು ನಡುಗುತ್ತದೆ. ಮನೆಗೆ ಬಂದರೂ ಆ ನಡುಕ ತೊಡೆಯ ಮೇಲೇ ಇದ್ದಂತಾಗಿ ಊಟದ ನಡುವೆ ಜೇಬು ಮುಟ್ಟಿಕೊಳ್ಳುತ್ತಿದ್ದ. ಮಗಳು ತೃಷಾ ಒಂದೆರಡು ಸಲ "ಪಪ್ಪಾ, ಆರ್ ಯು ಓಕೆ?" ಎಂದು ಕೇಳಿ ಸುಮ್ಮನಾಗಿದ್ದಳು.

ಬೇಸಿಗೆ ಏರುತ್ತಿದ್ದಾಗ ಡೋಲ್ಫಿಗೆ ಪೆಟ್ಟಾಯಿತು. ಮೈದಾನ್ ಹವಲ್ಲಿಯ ಒಂದು ಕಟ್ಟಡದಲ್ಲಿ ಅವನು ಗುಂಡಿಯಲ್ಲಿದ್ದಾಗ ಲಿಫ್ಟು ಕೆಳಗೆ ಜಾರಿತು. ಮೈ ತಪ್ಪಿಸಿಕೊಂಡ, ಕಾಲು ಸಿಕ್ಕಿಬಿತ್ತು. ಕೂಗಿದ್ದು ಯಾರಿಗೂ ಕೇಳಲಿಲ್ಲ. ಕಟ್ಟಡ ಕಾಯುವ ಈಜಿಪ್ಟಿನ ಮುದುಕ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದು ಬಾಗಿಲ ಸಂದಿಯಲ್ಲಿ ಇಣುಕುವವರೆಗೆ ಅವನು ಹಾಗೇ ಬಿದ್ದಿದ್ದ. ಆಸ್ಪತ್ರೆಯಲ್ಲಿ ಸುಕುಮಾರ ನೋಡಲು ಹೋದಾಗ ಮೊಣಕಾಲಿನ ಕೆಳಗೆ ಕಬ್ಬಿಣದ ಸರಳು ಹಾಕಿದ್ದರು.

"ಮೆಟ್ಟಿಲಿಂದ ಜಾರಿ ಬಿದ್ದದ್ದು ಅಂತ ಬರೆದಿದ್ದಾರೆ ಸುಕುಮಾರಣ್ಣ" ಎಂದ ಡೋಲ್ಫಿ, ಬಾಗಿಲ ಕಡೆ ನೋಡುತ್ತ. "ನಾನೂ ಹೂಂ ಅಂದೆ. ಇಲ್ಲ ಅಂದ್ರೆ ಏಜೆನ್ಸಿಯವರು ಇಕಾಮಾ ಕ್ಯಾನ್ಸಲ್ ಮಾಡ್ತಾರೆ. ಈ ಕಾಲು ಇಟ್ಕೊಂಡು ಊರಿಗೆ ಹೋಗಿ ಎಂತ ಮಾಡುದು?"

ಸುಕುಮಾರ ಕಿತ್ತಳೆ ಸುಲಿದು ಅವನ ಕೈಗೆ ಕೊಟ್ಟು ಬಂದ.

ಆ ವಾರವೇ ಅವನ ಸ್ವಂತ ಫೋನಿಗೆ ಜರ್ಮನಿಯಿಂದ ಕರೆ ಬಂತು. ಹೈಕೆ. ಅವಳೀಗ ಅಲ್ಲಿನ ನೌಕರರ ಸಮಿತಿಯಲ್ಲಿದ್ದಳು. ಜರ್ಮನಿಯಲ್ಲಿ ನೌಕರರೇ ಮತ ಹಾಕಿ ಆರಿಸುವ ಇಂಥ ಸಮಿತಿಯ ಒಪ್ಪಿಗೆಯಿಲ್ಲದೆ ಕೆಲಸದ ಪದ್ಧತಿ ಬದಲಿಸುವುದು ಆಡಳಿತಕ್ಕೆ ಸುಲಭವಲ್ಲ ಎಂದು ಅವಳು ಹಿಂದೆಯೇ ಹೇಳಿದ್ದಳು.

"ಇಲ್ಲಿಯೂ ಅದೇ ಆ್ಯಪ್ ತರಬೇಕು ಅಂತಿದ್ದಾರೆ, ಸುಕುಮಾರ್" ಎಂದಳು ತನ್ನ ನಿಧಾನದ ಇಂಗ್ಲಿಷಿನಲ್ಲಿ. "ಒಬ್ಬೊಬ್ಬರೇ ಕೆಲಸ, ಗುತ್ತಿಗೆ ಜನ. ನಾವು ಒಪ್ಪುತ್ತಿಲ್ಲ. ಅದಕ್ಕೆ ಅವರು ಕುವೈತನ್ನು ತೋರಿಸುತ್ತಾರೆ. ಅಲ್ಲಿ ಶುರುಮಾಡಿದ ಮೇಲೆ ಒಂದೂ ಅಪಘಾತವಿಲ್ಲ ಅನ್ನುತ್ತಾರೆ. ನಿಜವಾ?"

ಸುಕುಮಾರನ ಎದುರಿನ ಮೇಜಿನ ಮೇಲೆ ಕಂಪನಿಯ ಫೋನು ಮಕಾಡೆ ಮಲಗಿತ್ತು. ಅದು ಕೇಳಿಸಿಕೊಳ್ಳುತ್ತಿದ್ದರೆ?

"ನನಗೆ ಗೊತ್ತಿಲ್ಲ ಮೇಡಂ" ಎಂದು ಕರೆ ಕತ್ತರಿಸಿದ. ಆಮೇಲೆ ಕಂಪನಿಯ ಫೋನನ್ನು ಟವೆಲಿನಲ್ಲಿ ಸುತ್ತಿ ಕಪಾಟಿನ ಬಟ್ಟೆಗಳ ಅಡಿಗೆ ತುರುಕಿದ.

ಹೆಂಡತಿ ಪುಷ್ಪಾವತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಎಂತ ಮಾಡ್ತಾ ಇದ್ದೀರಿ ನೀವು?"

"ಎಂತ ಇಲ್ಲ. ಯಾರಾದ್ರೂ ಕೇಳಿದ್ರೆ ಜರ್ಮನಿಯಿಂದ ಫೋನ್ ಬರ್ಲಿಲ್ಲ ಅಂತ ಹೇಳು."

"ನನ್ನ ಹತ್ರ ಯಾರು ಕೇಳ್ತಾರೆ?" ಎಂದಳು ಅವಳು. ಆದರೆ ಅವಳ ಮುಖವೂ ಬಿಳಿಚಿತ್ತು. ಅವಳು ಇಲ್ಲಿರುವುದು, ತೃಷಾ ಶಾಲೆಗೆ ಹೋಗುವುದು, ಎಲ್ಲವೂ ಅವನೊಬ್ಬನ ಇಕಾಮಾದ ಮೇಲೆ ನಿಂತಿತ್ತು.

ಕೇಳಿದವನು ರಾಜಗೋಪಾಲ. ಮರುದಿನ ಸುಕುಮಾರನನ್ನು ತನ್ನ ಕಾರಿಗೆ ಹತ್ತಿಸಿಕೊಂಡು ಸಾಲ್ಮಿಯಾದ ಸಮುದ್ರದ ಬದಿಗೆ ಕರೆದೊಯ್ದು ನಿಲ್ಲಿಸಿದ. ಎಸಿ ಇದ್ದರೂ ಅವನ ಕತ್ತಿನ ಹಿಂದೆ ಬೆವರಿತ್ತು.

"ಜರ್ಮನಿಯಿಂದ ನಿಮ್ಗೆ ಯಾರಾದ್ರೂ ಫೋನ್ ಮಾಡಿದ್ರಾ, ಸುಕುಮಾರ್?"

"ಇಲ್ಲ ಸರ್."

"ಮಾಡಿದ್ರೂ ಏನೂ ಮಾತಾಡ್ಬೇಡಿ. ನಿಮ್ಮ ರಿನೀವಲ್ ಹತ್ರ ಬರ್ತಾ ಇದೆ. ಏಜೆನ್ಸಿಯವರು ಸಾಕು ಅಂತ ಒಂದು ಮಾತು ಅಂದ್ರೆ, ಖಲಾಸ್." ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡೇ ಅವನು ಮಾತಾಡಿದ. "ಇದು ಬೆದರಿಕೆ ಅಂದ್ಕೋಬೇಡಿ ದಯವಿಟ್ಟು. ಹೇಳು ಅಂದ್ರು, ಹೇಳ್ದೆ. ನನ್ನ ಮೇಲೂ ಇದ್ದಾರೆ ಕಣ್ರೀ."

ಸುಕುಮಾರ ಕಾರಿನಿಂದ ಇಳಿದಾಗ ಕಡಲ ದಂಡೆಯಲ್ಲಿ ಜನ ಐಸ್‌ಕ್ರೀಮು ತಿನ್ನುತ್ತಿದ್ದರು. ಅವರಲ್ಲಿ ಯಾರಾದರೂ ತನ್ನನ್ನು ಗಮನಿಸುತ್ತಿದ್ದಾರೆಯೇ ಎಂದು ಅವನು ತಿರುತಿರುಗಿ ನೋಡಿದ. ಮೂರು ದಿನ ಹೈಕೆಯ ಕರೆ ಬಂದರೂ ಎತ್ತಲಿಲ್ಲ.

ಗುರುವಾರ ಮಧ್ಯಾಹ್ನ ಸಾಲ್ಮಿಯಾದ ಒಂದು ಅಪಾರ್ಟ್‌ಮೆಂಟಿನ ಲಿಫ್ಟಿನ ನೆತ್ತಿಯ ಮೇಲೆ ಅವನು ಒಬ್ಬನೇ ಕೂತಿದ್ದ. ಅಲ್ಲಿ ನಿಲ್ಲಿಸುವ ಸ್ವಿಚ್ಚು ಸವೆದಿದೆ, ಬದಲಿಸಬೇಕು ಎಂದು ಹಿಂದೊಮ್ಮೆ ತಿಳಿಸಿದ್ದ. ಆ್ಯಪು ಅದನ್ನು ಒಪ್ಪಿರಲಿಲ್ಲ. ಸ್ವಿಚ್ಚು ಒತ್ತಿ, ನಿಂತಿತೆಂದು ನಂಬಿ, ಲಿಫ್ಟಿನ ಉಕ್ಕಿನ ಹಗ್ಗದ ಬಿಗಿ ನೋಡಲು ಬಗ್ಗಿದ. ಯಾವುದೋ ಮಹಡಿಯಲ್ಲಿ ಯಾರೋ ಬಟನ್ ಒತ್ತಿದರು. ಲಿಫ್ಟು ಮೇಲಕ್ಕೆ ಹೊರಟಿತು.

ಅವನು ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತಿದ. ಗೋಡೆ ಕೆಳಗೆ ಕೆಳಗೆ ಜಾರುತ್ತಿತ್ತು, ಮೇಲಿನ ಸಿಮೆಂಟಿನ ಸೂರು ದೊಡ್ಡದಾಗುತ್ತ ಬಂತು. ಲಿಫ್ಟು ಏರಿದಷ್ಟೂ ಎದುರಿನಿಂದ ಇಳಿಯುವ ಸರಿತೂಕದ ಕಬ್ಬಿಣ ಅವನ ಭುಜದ ಬಟ್ಟೆಯನ್ನು ಸವರಿಕೊಂಡು ಹೋಯಿತು. ಅವನು ಮೂಲೆಯಲ್ಲಿ ಮುದುಡಿ, ಮಂಡಿಯ ನಡುವೆ ತಲೆ ಹುದುಗಿಸಿ, "ಅಮ್ಮಾ, ಅಮ್ಮಾ" ಎಂದಷ್ಟೇ ಅಂದುಕೊಳ್ಳುತ್ತಿದ್ದ. ಲಿಫ್ಟು ಕೊನೆಯ ಮಹಡಿಯಲ್ಲಿ ನಿಂತಿತು. ಸೂರು ಅವನ ಬೆನ್ನಿಗೆ ತಾಗುವಷ್ಟು ಹತ್ತಿರವಿತ್ತು. ಅವನ ಕೆಳಗೆ ಬಾಗಿಲು ತೆರೆದ ಸದ್ದು, ಒಬ್ಬ ಹೆಂಗಸಿನ ಚಪ್ಪಲಿಯ ಸಪ್ಪಳ, ಮಗುವಿನ ನಗು ಕೇಳಿಸಿತು. ಆಮೇಲೆ ಬಾಗಿಲು ಮುಚ್ಚಿತು.

ಹೇಗೋ ತೆವಳಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಪ್ಯಾಂಟು ಒದ್ದೆಯಾಗಿದೆ ಎಂದು ಆಗ ತಿಳಿಯಿತು. ಜೇಬಿನಲ್ಲಿ ಕಂಪನಿಯ ಫೋನು ಮುಂದಿನ ಕೆಲಸಕ್ಕೆ ನಡುಗುತ್ತಿತ್ತು. ಇಕಾಮಾ ಹೋದರೆ ಏನಾಗುತ್ತದೆ ಎಂದು ಯೋಚಿಸಲು ನೋಡಿದ, ಆಗಲಿಲ್ಲ. ಮತ್ತೊಮ್ಮೆ ಅಲ್ಲಿಗೆ ಒಬ್ಬನೇ ಹತ್ತಲಾರೆ ಎನ್ನುವುದೊಂದೇ ಅವನಿಗೆ ಗೊತ್ತಿತ್ತು. ಸ್ವಂತ ಫೋನು ತೆಗೆದು ಹೈಕೆಗೆ ಕರೆ ಮಾಡಿದ.

ಸಮಿತಿ ಮತ್ತು ಆಡಳಿತದ ಸಭೆಯಲ್ಲಿ ವಿಡಿಯೋ ಮೂಲಕ ಮಾತಾಡಲು ಹೈಕೆ ಗೊತ್ತುಮಾಡಿದ ದಿನ ಡೋಲ್ಫಿಯ ಕೋಣೆಯಲ್ಲಿ ಪುಷ್ಪಾವತಿಯ ಟ್ಯಾಬನ್ನು ಮೇಜಿಗೆ ಒರಗಿಸಿಟ್ಟರು. ಡೋಲ್ಫಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ. "ಅಣ್ಣ, ನೀವು ಮಾತಾಡಿ. ಕಾಲು ಬೇಕಾದ್ರೆ ನಾನು ತೋರಿಸ್ತೇನೆ" ಎಂದಿದ್ದ. ಪುಷ್ಪಾವತಿ ಬೇಡ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಗಂಡನಿಗೆ ಇಸ್ತ್ರಿ ಮಾಡಿದ ಅಂಗಿ ಕೊಟ್ಟು, ತಾನೂ ಬಂದು ಗೋಡೆಗೆ ಆತು ನಿಂತಿದ್ದಳು.

ತೆರೆಯ ಮೇಲೆ ಉದ್ದನೆಯ ಮೇಜು ಕಂಡಿತು. ಒಂದು ಬದಿ ಹೈಕೆ ಮತ್ತು ಅವಳ ಸಮಿತಿಯವರು, ಇನ್ನೊಂದು ಬದಿ ಆಡಳಿತದವರು. ಸುಕುಮಾರ ಮಾತು ಶುರುಮಾಡುವುದರೊಳಗೆ ತೆರೆಯ ಮೂಲೆಯಲ್ಲಿ ಇನ್ನೊಂದು ಚೌಕ ತೆರೆದುಕೊಂಡಿತು. ಅದರಲ್ಲಿ ರಾಜಗೋಪಾಲ ಕೂತಿದ್ದ. ಕುವೈತಿನ ಕಡೆಯ ಉತ್ತರ ಹೇಳಲು ಆಡಳಿತವೇ ಅವನನ್ನು ಕರೆಸಿತ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೈಕೆ ತನ್ನ ಹೆಸರು ಕರೆದದ್ದು ಸುಕುಮಾರನಿಗೆ ಕೇಳಿಸಲಿಲ್ಲ. ಪುಷ್ಪಾವತಿ ಹಿಂದಿನಿಂದ ಅವನ ಬೆನ್ನು ಮುಟ್ಟಿದಳು.

ಮುರುಕು ಇಂಗ್ಲಿಷಿನಲ್ಲೇ ಹೇಳಿದ. ಡೋಲ್ಫಿಯ ಕಾಲಿನ ಸಂಗತಿ ಹೇಳಿದ. ಗುರುವಾರದ ಸ್ವಿಚ್ಚಿನ ಸಂಗತಿ ಹೇಳುವಾಗ ನಡುವೆ ನಿಲ್ಲಿಸಿ ನೀರು ಕುಡಿದ. ಆಡಳಿತದ ಕಡೆಯ ಒಬ್ಬ ಮಧ್ಯವಯಸ್ಕ, ಒರಟನೇನಲ್ಲ, ಕೇಳಿದ: "ಹಾಗಿದ್ದರೆ ನೀವು ಆಗಲೇ ಯಾಕೆ ತಿಳಿಸಲಿಲ್ಲ?"

"ಸರ್, ಇಲ್ಲಿ ಕೆಲಸ ಹೋದರೆ ಮನೆ ಹೋಗುತ್ತದೆ. ಶಾಲೆ ಹೋಗುತ್ತದೆ. ಈಗಲೂ ನನಗೆ ಹೆದರಿಕೆಯೇ" ಎಂದ ಸುಕುಮಾರ.

ಆ ಮನುಷ್ಯ ರಾಜಗೋಪಾಲನ ಕಡೆ ತಿರುಗಿದ. "ನಿಮ್ಮ ವರದಿಯಲ್ಲಿ ಮೆಟ್ಟಿಲು ಎಂದಿದೆ."

ಸಟಕ್ಕನೆ ರಾಜಗೋಪಾಲನ ಚೌಕ ಕಪ್ಪಾಯಿತು. ಲೈನು ಕಡಿದನೆಂದೇ ಎಲ್ಲರೂ ಅಂದುಕೊಂಡರು. ಡೋಲ್ಫಿ ಕೊಂಕಣಿಯಲ್ಲಿ ಏನೋ ಬೈದ. ಸುಕುಮಾರ ಇನ್ನು ಮುಗಿಯಿತು ಎಂದುಕೊಂಡು ಟ್ಯಾಬಿನತ್ತ ಕೈ ಚಾಚುವಷ್ಟರಲ್ಲಿ ಆ ಕಪ್ಪು ಚೌಕದೊಳಗಿಂದ ಸಣ್ಣ ಸ್ವರ ಬಂತು.

"ಗುಂಡಿಯಲ್ಲೇ ಆದದ್ದು. ಮೆಟ್ಟಿಲು ಅಂತ ಬರೆದವನು ನಾನು. ಹಾಗೆ ಬರೆಯಲು ನನಗೆ ಹೇಳಿದ್ದರು."

ಹೈಕೆ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡಳು.

ಬೇಸಿಗೆ ಮುಗಿಯುವ ಹೊತ್ತಿಗೆ ಜರ್ಮನಿಯಲ್ಲಿ ಒಪ್ಪಂದವಾಯಿತು. ಅಲ್ಲಿ ಆ್ಯಪು ಬಂತು, ಆದರೆ ನೌಕರರು ಕಂಪನಿಯವರಾಗಿಯೇ ಉಳಿದರು, ಒಬ್ಬಂಟಿಯಾಗಿ ಇಳಿಯುವುದು ಬೇಡವೆಂದಾಯಿತು. ಹೈಕೆ ಹಟ ಹಿಡಿದು ಅದರಲ್ಲಿ ಕುವೈತಿನ ಹೆಸರನ್ನೂ ಸೇರಿಸಿದಳು. ಗುಂಡಿಗೆ ಮತ್ತು ನೆತ್ತಿಗೆ ಇಲ್ಲಿಯೂ ಇಬ್ಬಿಬ್ಬರಾಗಿಯೇ ಹೋಗಬೇಕು. ಆದರೆ ಸುಕುಮಾರನೂ ಉಳಿದವರೂ ಏಜೆನ್ಸಿಯ ಆಳುಗಳಾಗಿಯೇ ಉಳಿದರು. ಅದನ್ನು ಬದಲಿಸಲು ಆಗಲಿಲ್ಲ ಎಂದು ಹೇಳುವಾಗ ಅವಳ ದನಿ ಸೋತಿತ್ತು. ಡೋಲ್ಫಿಗೆ ಗೋಡೌನಿನಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು. ಸುಕುಮಾರನ ಇಕಾಮಾ ಒಂದು ವರ್ಷಕ್ಕೆ ಮುಂದುವರಿಯಿತು.

ರಾಜಗೋಪಾಲನ ಹುದ್ದೆ ಮಾತ್ರ "ಅಗತ್ಯವಿಲ್ಲ" ಎಂದು ತೆಗೆದುಹಾಕಲ್ಪಟ್ಟಿತು.

ಸುದ್ದಿ ತಿಳಿದ ಸಂಜೆ ಸುಕುಮಾರ ಅವನ ಸಾಲ್ಮಿಯಾದ ಮನೆಗೆ ಹೋದ. ಬಾಗಿಲು ತೆರೆದವಳು ಮಗಳು ಶ್ರಾವಣಿ. ಹಾಲ್ ತುಂಬ ಪೆಟ್ಟಿಗೆಗಳು. ರಾಜಗೋಪಾಲ ಬನಿಯನ್ನಿನಲ್ಲಿ ನೆಲದ ಮೇಲೆ ಕೂತು ಪುಸ್ತಕಗಳಿಗೆ ಟೇಪು ಸುತ್ತುತ್ತಿದ್ದ.

"ಬನ್ನಿ ಬನ್ನಿ. ಕಾಫಿ ಮಾಡ್ಸೋಣ ಅಂದ್ರೆ ಪಾತ್ರೆ ಎಲ್ಲ ಕಟ್ಬಿಟ್ಟಿದ್ದೀವಿ" ಎಂದ.

"ಸರ್, ನಾನು ಬಾಯಿ ಬಿಡದಿದ್ರೆ ನಿಮಗೆ ಹೀಗೆ ಆಗ್ತಿರ್ಲಿಲ್ಲ."

"ಅವತ್ತು ನಾನು ಕಟ್ ಮಾಡೋಕೇ ಹೋಗಿದ್ದು ಕಣ್ರೀ" ಎಂದ ರಾಜಗೋಪಾಲ, ಟೇಪಿನ ತುದಿಯನ್ನು ಉಗುರಿನಿಂದ ಹುಡುಕುತ್ತ. "ಕೈ ನಡುಗಿ ಕ್ಯಾಮೆರಾ ಮಾತ್ರ ಆಫ್ ಆಯ್ತು. ನೀವೆಲ್ಲ ಇನ್ನೂ ಅಲ್ಲೇ ಕಾಣ್ತಾ ಇದ್ರಿ. ಹಿಂದ್ಗಡೆ ನಿಮ್ಮನೆಯವ್ರು ನಿಂತಿದ್ರು. ಆಮೇಲೆ ಅದು ಹೆಂಗೋ ಬಾಯಿಂದ ಬಂದ್ಬಿಡ್ತು."

"ಮುಂದೆ ಎಂತ ಮಾಡ್ತೀರಿ ಸರ್?"

"ಗೊತ್ತಿಲ್ಲ. ಈ ವಯಸ್ಸಲ್ಲಿ ಯಾರು ಕರೀತಾರೆ. ನಿದ್ದೆ ಬರಲ್ಲ." ಇನ್ನೊಂದು ಪುಸ್ತಕ ಎಳೆದುಕೊಳ್ಳುತ್ತ ಕೇಳಿದ: "ನಿಮ್ಗೆ ಬರುತ್ತಾ?"

"ಇಲ್ಲ ಸರ್" ಎಂದ ಸುಕುಮಾರ. "ವರ್ಷ ಮುಗಿದ ಮೇಲೆ ನನ್ನನ್ನೂ ಇಟ್ಟುಕೊಳ್ಳುದಿಲ್ಲ ಅಂತ ಕಾಣ್ತದೆ."

ರಾಜಗೋಪಾಲ ಹೌದೆಂದು ತಲೆಯಾಡಿಸಿದ. ಸುಕುಮಾರ ಚಪ್ಪಲಿ ಬದಿಗಿಟ್ಟು ಒಳಗೆ ಬಂದು ಕೂತು, ಪೆಟ್ಟಿಗೆಯ ಬಾಯಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದ. ರಾಜಗೋಪಾಲ ಟೇಪು ಎಳೆದ.