ಅರವತ್ತೋ ನೂರೈವತ್ತೋ

ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಫೋಟೋ ಸರ್ ಎಂದೇ. ರೋಗಿಗಳ ಮಚ್ಚೆ, ಗುಳ್ಳೆ, ಕಲೆಗಳ ಚಿತ್ರ ತೆಗೆಯುವುದು ಅವನ ಕೆಲಸ. ಹೋದ ಸಲಕ್ಕಿಂತ ಮಚ್ಚೆ ಹಿಗ್ಗಿದೆಯೋ, ಅಂಚು ಕದಡಿದೆಯೋ ಎಂದು ಡಾಕ್ಟರಮ್ಮ ಹಳೆಯ ಚಿತ್ರ, ಹೊಸ ಚಿತ್ರ ಅಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಮುಖ ತೆಗೆಯುವ ಹಾಗಿರಲಿಲ್ಲ. ಹೀಗಾಗಿ ಊರಿನ ಎಷ್ಟೋ ಜನರ ಬೆನ್ನು, ಭುಜ ಅವನಿಗೆ ಚೆನ್ನಾಗಿ ಗೊತ್ತಿದ್ದವು. ಅವರೇ ಬೀದಿಯಲ್ಲಿ ಎದುರಾದರೆ ಗುರುತು ಹತ್ತುತ್ತಿರಲಿಲ್ಲ.

ಅವನ ಕೋಣೆ ಕಾರಿಡಾರಿನ ಕೊನೆಗಿತ್ತು. ಬೂದು ಪರದೆ, ಎರಡು ದೀಪ, ರೋಗಿ ಕೂರಲು ತಿರುಗುವ ಸ್ಟೂಲು, ಬಾಗಿಲ ಬಳಿ ನರ್ಸಮ್ಮನ ಕುರ್ಚಿ. ಕ್ಯಾಮೆರಾಕ್ಕೆ ಅರವತ್ತು ಮಿಲಿಮೀಟರಿನ ಹಳೆಯ ಮ್ಯಾಕ್ರೋ ಲೆನ್ಸು. ಚಿಕ್ಕದನ್ನು ದೊಡ್ಡದಾಗಿ ತೋರಿಸಲೆಂದೇ ಮಾಡಿದ ಲೆನ್ಸು ಅದು, ಆದರೆ ಬಲು ಹತ್ತಿರ ಹೋಗಬೇಕು. ಚರ್ಮಕ್ಕೂ ಗಾಜಿಗೂ ನಡುವೆ ಅರ್ಧ ಗೇಣು. ಅಷ್ಟು ಹತ್ತಿರದಲ್ಲಿ ಯಾರು ಒಂದಿಷ್ಟು ಅಲುಗಿದರೂ ಚಿತ್ರ ಮಸುಕು. ಅದಕ್ಕೇ "ಉಸಿರು ಹಿಡ್ಕೊಳ್ಳಿ" ಎನ್ನುತ್ತಿದ್ದ, ತಾನೂ ಹಿಡಿಯುತ್ತಿದ್ದ. ಕ್ಲಿಕ್ ಆದ ಮೇಲೆ ಇಬ್ಬರೂ ಒಟ್ಟಿಗೆ ಉಸಿರು ಬಿಡುತ್ತಿದ್ದರು. ಆಗ ಎಷ್ಟೋ ಜನ ಸಣ್ಣಗೆ ನಕ್ಕು ಏನೋ ಒಂದು ಮಾತಾಡುತ್ತಿದ್ದರು. ಮೂರನೇ ಮಹಡಿಯ ಮನೆಗೆ ಒಬ್ಬನೇ ಮರಳಿ, ಒಬ್ಬನೇ ಉಣ್ಣುವ ಅವನಿಗೆ ದಿನದ ಮಾತುಕತೆ ಅಂದರೆ ಹೆಚ್ಚುಕಡಿಮೆ ಅದೇ.

ಹಾಗೆ ಬರುತ್ತಿದ್ದವರಲ್ಲಿ ಒಬ್ಬಾಕೆ ಈಜು ಕಲಿಸುವ ಟೀಚರು. ಬಿಸಿಲಿಗೆ ಕಂದಿದ ಭುಜದ ಹಿಂದೆ ಆಕೆಗೊಂದು ಮಚ್ಚೆ. ವರ್ಷಕ್ಕೆ ಎರಡು ಸಲ ಅದರ ಚಿತ್ರ ತೆಗೆಸಬೇಕಿತ್ತು. "ನೀರಿಗಿಳಿಯೋಕೆ ಮಕ್ಕಳು ಹೆದರಲ್ಲ ಫೋಟೋ ಸರ್, ದಡದಲ್ಲಿ ನಿಂತಿರೋ ಅಪ್ಪಂದಿರೇ ಹೆದರೋದು" ಎಂದು ಆಕೆ ಒಮ್ಮೆ ಹೇಳಿದ್ದನ್ನು ನೆನೆದು ಅವನು ವಾರವಿಡೀ ಬಸ್ಸಿನಲ್ಲಿ ಒಬ್ಬನೇ ನಕ್ಕಿದ್ದ. ಆಕೆ ಬರುವ ದಿನ ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದ. ಅದರಿಂದಾಚೆಗೆ ಏನನ್ನೂ ಯೋಚಿಸಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ನೆಲ ಒರೆಸುವ ಗಾಡಿ ಮೇಜಿಗೆ ಗುದ್ದಿ ಲೆನ್ಸು ಉರುಳಿ ಬಿತ್ತು. ಎತ್ತಿ ಅಲ್ಲಾಡಿಸಿದರೆ ಒಳಗೆ ಗಾಜಿನ ಚೂರುಗಳ ಸದ್ದು.

"ಹೊಸದು ತರಿಸೋಣ" ಎಂದರು ಡಾಕ್ಟರಮ್ಮ. "ಯಾವುದು ಅಂತ ನೀವೇ ನೋಡಿ ಹೇಳಿ. ನನಗೆ ಅದರ ತಲೆಬುಡ ಗೊತ್ತಾಗಲ್ಲ."

ಕ್ಯಾಮೆರಾ ಅಂಗಡಿಯವನು ಎರಡು ಲೆನ್ಸು ತೆಗೆದು ಗಾಜಿನ ಮೇಜಿನ ಮೇಲಿಟ್ಟ. ಒಂದು ಮುಷ್ಟಿಯಲ್ಲಿ ಹಿಡಿಸುವಂಥ ಅರವತ್ತು. ಇನ್ನೊಂದು ನೂರೈವತ್ತು, ಮೊಣಕೈ ನೋಯುವಷ್ಟು ಭಾರ.

"ಇಷ್ಟು ಉದ್ದದ್ದು ನನಗ್ಯಾಕೆ?"

"ಮಚ್ಚೆ ಅಷ್ಟೇ ದೊಡ್ಡದಾಗಿ ಬರುತ್ತೆ, ಆದ್ರೆ ನೀವು ಹತ್ತಿರ ಹತ್ತಿರ ಒಂದು ಮೊಳ ದೂರ ಇರಬಹುದು. ಚಿಟ್ಟೆ, ಜೇಡ ತೆಗೆಯೋರು ಇದನ್ನೇ ಒಯ್ಯೋದು. ಮೈಮೇಲೆ ಹೋದ್ರೆ ಅವು ಹಾರಿಬಿಡ್ತಾವಲ್ಲ."

"ನನ್ನ ಗಿರಾಕಿಗಳು ಹಾರಲ್ಲ ಬಿಡಿ."

"ಪಾಪ, ಹಾರೋ ಹಾಗಿಲ್ಲ ಅಂತ ಕೂತಿರ್ತಾರೆ" ಎಂದು ಅಂಗಡಿಯವನು ನಕ್ಕ. ಆಸ್ಪತ್ರೆಯ ಹೆಸರಿಗೆ ಎರಡನ್ನೂ ಒಂದು ವಾರ ಪರೀಕ್ಷೆಗೆ ಕೊಟ್ಟು ಕಳಿಸಿದ.

ಭಾನುವಾರ ಮನೆಯಲ್ಲಿ ಅವನು ಕಿಟಕಿಯ ಪಕ್ಕ ಕ್ಯಾಮೆರಾ ಸ್ಟ್ಯಾಂಡು ನಿಲ್ಲಿಸಿದ. ಪರೀಕ್ಷಿಸಲು ಚರ್ಮ ಬೇಕಿತ್ತು, ಮನೆಯಲ್ಲಿದ್ದದ್ದು ತನ್ನದೊಂದೇ. ಎಡಗೈಯನ್ನು ಮೇಜಿನ ಮೇಲೆ ಚಾಚಿ ಬಲಗೈಯಲ್ಲಿ ಕ್ಯಾಮೆರಾದ ಗುಂಡಿ ಒತ್ತಿದ. ಅಷ್ಟರಲ್ಲಿ ತಂಗಿಯ ಫೋನು ಬಂತು.

"ಏನ್ ಮಾಡ್ತಿದ್ದೀಯ ಅಣ್ಣ?"

"ನನ್ನ ಕೈ ಫೋಟೋ ತೆಗೀತಿದ್ದೀನಿ."

"ಊಟ ಆಯ್ತಾ?" ಎಂದಳು ತಂಗಿ.

ಅರವತ್ತರಲ್ಲಿ ಲೆನ್ಸಿನ ನೆರಳೇ ಕೈಮೇಲೆ ಬಿದ್ದು, ಗೆಣ್ಣು ಉಬ್ಬಿದಂತೆ ಕಂಡಿತು. ನೂರೈವತ್ತರಲ್ಲಿ ನೆರಳಿಲ್ಲ, ಒಂದೊಂದು ಗೆರೆಯೂ ಇದ್ದ ಹಾಗೇ ಬಂದಿತ್ತು. ಯಾವುದು ಮೇಲು ಎಂದು ಯಾರಾದರೂ ಹೇಳಬಹುದಿತ್ತು. ಆದರೂ ಸಂಜೆಯ ಹೊತ್ತಿಗೆ ಅವನು ಅರವತ್ತರ ಕಡೆಗೇ ವಾಲಿದ್ದ. ಹಗುರ, ಕೈಗೆ ಪಳಗಿದ್ದು, ಕೋಣೆಯೂ ಚಿಕ್ಕದು. ಕಾರಣಗಳು ಕೇಳದೆಯೇ ಬರುತ್ತಿದ್ದವು.

ಆ ವಾರವೇ ಈಜು ಟೀಚರು ಬಂದಳು. ನೂರೈವತ್ತನ್ನು ಸ್ಟ್ಯಾಂಡಿನ ಮೇಲಿಟ್ಟು, ದೂರ ನಿಂತು ಒಂದು ಚಿತ್ರ ತೆಗೆದ. ಉಸಿರು ಹಿಡಿಯಿರಿ ಎನ್ನುವ ಅಗತ್ಯವೇ ಬೀಳಲಿಲ್ಲ.

"ಆಗೋಯ್ತಾ?" ಎಂದಳು ಆಕೆ.

"ಆಯ್ತು. ಹಳೇದರ ಥರದ್ದು ಇನ್ನೊಂದಿದೆ, ಅದರಲ್ಲೂ ಒಂದು ತೆಗೀತೀನಿ."

ಅರವತ್ತನ್ನು ಹಾಕಿ ಹತ್ತಿರ ಬಂದ. ಕಣ್ಣಿಟ್ಟು ನೋಡುವಾಗ ಮಚ್ಚೆಯ ಸುತ್ತ ಸಣ್ಣ ಸಣ್ಣ ರೋಮಗಳು ಸೆಟೆದು ನಿಂತವು, ಭುಜ ಬಿಗಿಯಿತು. ಇಷ್ಟು ವರ್ಷವೂ ಅದನ್ನು ಅವನು ಕಂಡಿದ್ದ. ಕೋಣೆಯ ತಂಪಿಗೆ ಹಾಗಾಗುತ್ತದೆ ಎಂದುಕೊಂಡಿದ್ದ. ಈಗಷ್ಟೇ ದೂರದಿಂದ ತೆಗೆದಾಗ, ಅದೇ ತಂಪಿನಲ್ಲಿ, ಹಾಗಾಗಿರಲಿಲ್ಲ.

ಆಕೆ ಅಂಗಿ ಸರಿಮಾಡಿಕೊಂಡು ತಿರುಗಿದ ಮೇಲೆ ಕೇಳಿದ, "ನಿಮಗೆ ಯಾವುದು ಅನುಕೂಲ ಅನ್ನಿಸ್ತು?"

ಆಕೆ ಒಮ್ಮೆ ನರ್ಸಮ್ಮನ ಕಡೆ ನೋಡಿದಳು. "ತಪ್ಪು ತಿಳ್ಕೋಬೇಡಿ ಸರ್. ದೂರದಿಂದ ತೆಗೆದದ್ದು. ನೀವು ಒಳ್ಳೆಯವರೇ, ನಿಮ್ಮ ಮೇಲೆ ಬೇಜಾರೇನೂ ಇಲ್ಲ. ಆದ್ರೆ ಬೆನ್ನ ಹಿಂದೆ ಅಷ್ಟು ಹತ್ತಿರ ಒಬ್ಬರು ನಿಂತಿದ್ರೆ, ಏನ್ ಮಾಡ್ತಿದ್ದಾರೆ ಅಂತ ಕಾಣೋದೂ ಇಲ್ಲ. ಇಲ್ಲಿಗೆ ಬರಬೇಕು ಅಂದ್ರೆ ಹಿಂದಿನ ದಿನದಿಂದಲೇ ಒಂಥರಾ ಆಗುತ್ತೆ. ಅದಕ್ಕೇ ನಾನು ಬಾಯಿಗೆ ಬಂದದ್ದು ಮಾತಾಡ್ತಾ ಕೂತಿರೋದು."

"ಹೇಳಿದ್ದು ಒಳ್ಳೇದಾಯ್ತು" ಎಂದ ಅವನು. ದನಿ ಸರಿಯಾಗಿಯೇ ಬಂತು. ಕಿವಿ ಮಾತ್ರ ಬಿಸಿಯಾಗಿತ್ತು.

ಆಕೆ ಹೋದ ಮೇಲೆ ದೀಪಗಳನ್ನು ಆರಿಸುತ್ತ, ತಿರುಗಿ ನೋಡದೆ ಕೇಳಿದ, "ಬೇರೆಯವರಿಗೂ ಹಾಗೇನಾ ನರ್ಸಮ್ಮ?"

"ಸುಮಾರು ಜನಕ್ಕೆ."

"ಒಂದು ಮಾತು ಹೇಳಬಹುದಿತ್ತಲ್ಲ."

"ಕೇಳಿದ್ರೆ ಹೇಳ್ತಿದ್ದೆ ಸರ್" ಎಂದರು ಆಕೆ, ಮೆತ್ತಗೆ.

ಅವತ್ತು ಸಂಜೆಯೇ ಅರವತ್ತನ್ನು ಅಂಗಡಿಗೆ ಮುಟ್ಟಿಸಿ ಬಂದ. ಬಸ್ಸಿನಲ್ಲಿ ಕೂತು, ಉಸಿರು ಬಿಟ್ಟು ನಕ್ಕವರನ್ನೆಲ್ಲ ನೆನಪಿಸಿಕೊಳ್ಳಲು ಹೋದ. ಒಬ್ಬರ ಮುಖವೂ ಕಣ್ಣೆದುರು ಬರಲಿಲ್ಲ. ಆ ನಗು ಖುಷಿಯದೋ ಮುಜುಗರದ್ದೋ ಎಂದು ಈಗ ಯಾರನ್ನು ಕೇಳುವುದು?

ಹೊಸ ಲೆನ್ಸಿನ ಚಿತ್ರಗಳನ್ನು ನೋಡಿ ಡಾಕ್ಟರಮ್ಮ ತುಂಬಾ ಮೆಚ್ಚಿದರು. ಟೀಚರ ಮಚ್ಚೆಯಲ್ಲಿ ಏನೂ ದೋಷವಿಲ್ಲ, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದರು. ಕೋಣೆಯಲ್ಲಿ ಕೆಲಸ ಬೇಗ ಬೇಗ ಮುಗಿಯತೊಡಗಿತು. ರೋಗಿಗಳು ಕೂರುತ್ತಿದ್ದರು, ಏಳುತ್ತಿದ್ದರು, ಥ್ಯಾಂಕ್ಸ್ ಎಂದು ಹೋಗುತ್ತಿದ್ದರು. ಎಷ್ಟೋ ದಿನ ಮಧ್ಯಾಹ್ನದವರೆಗೆ ಅವನ ಬಾಯಿಂದ "ಇತ್ತ ತಿರುಗಿ" ಎನ್ನುವುದರ ಹೊರತು ಇನ್ನೊಂದು ಮಾತು ಬರುತ್ತಿರಲಿಲ್ಲ.

ಯಾವಾಗಲೂ ಪರದೆಯ ಹಿಂದೆಯೇ ಉಣ್ಣುತ್ತಿದ್ದವನು ಒಂದು ದಿನ ಡಬ್ಬಿ ಹಿಡಿದುಕೊಂಡು ಕೆಳಗಿನ ಊಟದ ಕೋಣೆಗೆ ಹೋದ. ಔಷಧ ಕೊಡುವ ಹಿರಿಯರು, ಎಲ್ಲರ ಬಾಯಲ್ಲೂ ಮಾತ್ರೆ ಮಾಮ, ಅವನನ್ನು ಕಂಡು, "ಏನ್ ಫೋಟೋ ಸರ್, ದಾರಿ ತಪ್ತಾ?" ಎಂದರು.

ಕೂತ. ಮುಖಗಳನ್ನು ಎಷ್ಟು ಹೊತ್ತು ನೋಡಬೇಕು, ಎಲ್ಲಿ ಕಣ್ಣು ತೆಗೆಯಬೇಕು ತಿಳಿಯಲಿಲ್ಲ. ಎದುರಿಗೆ ಕೂತಿದ್ದ ಲೆಕ್ಕದ ವಿಭಾಗದ ಅಕ್ಕನ ಕಿವಿಯ ಕೆಳಗೆ ಒಂದು ಕಪ್ಪು ಚುಕ್ಕೆ ಇತ್ತು. ತಡೆಯಲಾಗದೆ, "ಅದು ಯಾವಾಗಿಂದ ಇದೆ?" ಎಂದುಬಿಟ್ಟ.

ಆಕೆಯ ಕೈ ಕಿವಿಗೆ ಹೋಯಿತು. "ಹುಟ್ಟಿದಾಗಿಂದ."

"ಹಾಗಾದ್ರೆ ತೊಂದ್ರೆ ಇಲ್ಲ."

"ಊಟಕ್ಕೆ ಕೂತಲ್ಲೂ ಡ್ಯೂಟಿನಾ ಮಾರಾಯ" ಎಂದರು ಮಾತ್ರೆ ಮಾಮ. ಎಲ್ಲರೂ ನಕ್ಕರು. ಅವನೂ ನಕ್ಕ, ಒಂದಿಷ್ಟು ತಡವಾಗಿ. ಕೆಟ್ಟು ನಿಂತ ಲಿಫ್ಟಿನ ಕಡೆಗೆ ಮಾತು ಹೊರಳಿತು. ಮತ್ತೆ ಯಾರೂ ಅವನನ್ನು ಏನೂ ಕೇಳಲಿಲ್ಲ.

ಮರುದಿನ ಹೋಗುವುದೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿ, ಹೋದ. ಕುರ್ಚಿಗಳೆಲ್ಲ ತುಂಬಿದ್ದವು. ಮಾತ್ರೆ ಮಾಮ ಯಾರಿಗೋ ಏನೋ ಹೇಳುತ್ತಿದ್ದವರು ಮಾತು ನಿಲ್ಲಿಸದೆಯೇ, ಮೇಜಿನ ಕೆಳಗಿದ್ದ ಸ್ಟೂಲನ್ನು ಕಾಲಿನಿಂದ ಈಚೆಗೆ ತಳ್ಳಿದರು. ಮೊಣಕೈಗೆ ಮೊಣಕೈ ತಾಗುವಷ್ಟು ಇಕ್ಕಟ್ಟು ಅಲ್ಲಿ. ಅವನು ಸ್ಟೂಲನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ಕೂತು, ಡಬ್ಬಿಯ ಮುಚ್ಚಳ ತೆಗೆದ.