ತೋಳುಪಟ್ಟಿಯ ಹನ್ನೆರಡನೆಯ ಹೆಸರು

ಹೈಸ್ಕೂಲ್ ತಂಡದ ನಾಯಕ ಸುಹೈಬ್ ತೋಳುಪಟ್ಟಿ ತಂದುಕೊಟ್ಟದ್ದು ಮೇ ತಿಂಗಳ ಕೊನೆಗೆ. ಶಿಫಾನಾ ಹೊಲಿಗೆ ಮಿಶನ್ನಿನ ಮುಂದೆ ಕೂತಿದ್ದಳು. ಅವನು ಬಾಗಿಲಲ್ಲೇ ನಿಂತು ಪ್ಲಾಸ್ಟಿಕ್ ತೊಟ್ಟೆಯೊಂದನ್ನು ಮೇಜಿನ ಮೇಲೆ ಬೋರಲು ಹಾಕಿದ.

"ಪಟ್ಟಿ ಉಂಟು ಅಕ್ಕ, ಹೆಸರಿನ ಚೀಟಿಯೂ ಉಂಟು. ನಾಳೆ ನಾನು ಮಿಜಾರಿನ ಕಾಲೇಜಿಗೆ ಹೋಗ್ತೇನೆ. ಹಾಸ್ಟೆಲಿನಲ್ಲಿ ಮೊಬೈಲ್ ಬಿಡುವುದಿಲ್ಲ."

ಶಿಫಾನಾ ತಲೆಯಾಡಿಸಿದಳು. ಅವಳ ಉತ್ತರ ಯಾವಾಗಲೂ ಅಷ್ಟೇ. ಅವನು ಹೋಗುತ್ತಿದ್ದಂತೆ ಹರಿಣಾಕ್ಷಿ ಟೀಚರು ಬ್ಲೌಸಿನ ಬಟ್ಟೆ ಹಿಡಿದು ಒಳಗೆ ಬಂದರು. ಬಸ್ಸಿಗೆ ಹೊತ್ತಾಯಿತೆಂದು ಅವಸರ ಮಾಡಿ ಅಳತೆ ಕೊಟ್ಟು ಹೋದರು.

ಕನ್ಯಾನದ ಆ ಹೈಸ್ಕೂಲಿನ ಆಟದ ಮೈದಾನಕ್ಕೂ ಶಿಫಾನಾಳ ಮನೆಗೂ ನಡುವೆ ಇರುವುದು ಒಂದು ಕೆಂಪುಕಲ್ಲಿನ ಗೋಡೆ. ಅಲ್ಲಿಯ ಫುಟ್ಬಾಲ್ ತಂಡಕ್ಕೆ ನಾಯಕನನ್ನು ಪಿ.ಟಿ. ಮಾಸ್ಟ್ರು ಆರಿಸುವುದಿಲ್ಲ. ಹತ್ತನೇ ಮುಗಿಸಿ ಹೋಗುವ ನಾಯಕ ಯಾರಿಗೂ ಹೇಳದೆ ಮುಂದಿನವನ ಹೆಸರನ್ನು ಚೀಟಿಯಲ್ಲಿ ಬರೆದು ಗೋಡೆಯಾಚೆಯ ಹೊಲಿಗೆಯವರಿಗೆ ಕೊಡಬೇಕು. ಅವರು ಅದನ್ನು ಬಿಳಿ ಪಟ್ಟಿಯ ಒಳಮೈಯಲ್ಲಿ ಕೆಂಪು ನೂಲಿನಿಂದ ಹೊಲಿಯಬೇಕು. ಮೊದಲ ಪಂದ್ಯದ ದಿನ ಹುಡುಗರೆಲ್ಲ ವೃತ್ತವಾಗಿ ಕೂತ ಮೇಲೆ ಮಾಸ್ಟ್ರು ಪಟ್ಟಿಯನ್ನು ಮಗುಚಿ ಹೆಸರು ಓದುತ್ತಾರೆ. ಅಲ್ಲಿಯ ತನಕ ಅದು ಬರೆದವನಿಗೆ, ಹೊಲಿದವರಿಗೆ ಬಿಟ್ಟು ಊರಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಒಳಗಿದ್ದ ಹನ್ನೊಂದು ಹೆಸರುಗಳಲ್ಲಿ ಎಂಟು ಅವಳ ಉಮ್ಮ ಖತೀಜಮ್ಮ ಹೊಲಿದದ್ದು. ಉಮ್ಮನ ಕಣ್ಣು ಮಂಜಾದ ಮೇಲೆ ಮೂರು ಶಿಫಾನಾ ಹೊಲಿದಳು.

ಜುಲೈಯಲ್ಲಿ, ವಲಯ ಮಟ್ಟದ ಪಂದ್ಯಕ್ಕೆ ನಾಲ್ಕು ದಿನ ಇರುವಾಗ, ಅವಳು ಪಟ್ಟಿ ತೆಗೆದಳು. ಚೀಟಿ ಇರಲಿಲ್ಲ. ಮಿಶನ್ನಿನ ಡ್ರಾಯರ್, ಬಟ್ಟೆಚೂರಿನ ಗೋಣಿ, ಮೇಜಿನ ಅಡಿ ಎಲ್ಲ ನೋಡಿದಳು. ಸುಹೈಬ್ ಅದನ್ನು ಮೇಜಿನ ಮೇಲೆ ಹಾಕಿದ್ದನ್ನು ಅವಳು ಕಂಡಿದ್ದಳೋ, ಹಾಕಿದನೆಂದು ಅಂದುಕೊಂಡಿದ್ದಳೋ, ಈಗ ಅದೇ ಗೊಂದಲ.

"ಕಳೆದುಹೋಯಿತು ಅಂತ ಮಾಸ್ಟ್ರ ಹತ್ರ ಹೇಳು" ಎಂದರು ಉಮ್ಮ. "ಕೊಂದು ಹಾಕ್ತಾರಾ?"

ಶಿಫಾನಾ ಎರಡು ಸಲ ಶಾಲೆಯ ಗೇಟಿನ ತನಕ ಹೋದಳು. ಎಂಟನೆಯ ಕ್ಲಾಸಿನ ನಡುವೆ ಬಿಟ್ಟ ಮೇಲೆ ಆ ಗೇಟು ದಾಟಿದವಳಲ್ಲ. ಎರಡು ಸಲವೂ ಯಾರೋ ತನ್ನನ್ನು ನೋಡುತ್ತಿದ್ದಾರೆ ಅನ್ನಿಸಿ ತಿರುಗಿ ಬಂದಳು. ಕಾಲು ಯಾಕೆ ಮುಂದೆ ಹೋಗುವುದಿಲ್ಲವೆಂದು ಅವಳಿಗೇ ತಿಳಿಯಲಿಲ್ಲ.

ಅದೇ ಸಂಜೆ ಅಝೀಮ್ ಗೋಡೆ ಹಾರಿ ಬಂದ. ತಂಡದಲ್ಲಿ ಅತಿ ಹೆಚ್ಚು ಗೋಲು ಅವನದೇ. ಈ ಕಡೆ ಬಿದ್ದ ಚೆಂಡನ್ನು ಕಾಲಲ್ಲೇ ಎತ್ತಿ ಆಚೆ ದಾಟಿಸಿ, ಕಿಟಕಿಗೆ ಮುಖ ಕೊಟ್ಟ.

"ಹೆಸರು ಬೇಡ ಶಿಫಾನಕ್ಕ. ಉದ್ದ ಉಂಟಾ, ಗಿಡ್ಡ ಉಂಟಾ, ಅಷ್ಟು ಹೇಳಿ ಸಾಕು."

ಅವಳು ಸೂಜಿಗೆ ನೂಲು ಹಾಕುತ್ತಿದ್ದಂತೆ ಮಾಡಿದಳು.

"ನಿಮ್ಮ ಬಾಯಿಗೂ ಗುಂಡಿ ಹೊಲಿದಿದ್ದಾರಾ?" ಎಂದು ನಗುತ್ತ ಅವನು ಒಣಗಲು ಹಾಕಿದ್ದ ಬೆಡ್‌ಶೀಟಿನ ಅಂಚು ತುಳಿದು ಹೋದ. ಕೆಸರಿನ ಪಾದ ಅಚ್ಚೊತ್ತಿದಂತೆ ಉಳಿಯಿತು.

ಕಿಟಕಿಯಿಂದ ಆರು ವರ್ಷ ಆಟ ನೋಡಿದವಳು ಅವಳು. ತಮ್ಮ ಬಲೆಗೆ ಗೋಲು ಬಿದ್ದಾಗ ಉಳಿದವರು ಸೊಂಟಕ್ಕೆ ಕೈ ಕೊಟ್ಟು ನೆಲ ನೋಡುವರು. ಚಿದಾನಂದ ಒಬ್ಬ ಬಲೆಯಿಂದ ಚೆಂಡು ತೆಗೆದು ಓಡಿ ಮಧ್ಯದಲ್ಲಿ ಇಡುವನು. ಚೆಂಡು ಈ ಕಡೆ ಬಿದ್ದರೆ ಸುತ್ತುಹಾಕಿ ಬಂದು "ಅಕ್ಕ, ಬಾಲ್" ಎಂದು ಕೇಳಿ, ಹೋಗುವಾಗ ಗೇಟು ಹಾಕುವನು. ಶುಕ್ರವಾರ ಮಧ್ಯಾಹ್ನ ಶಿಫಾನಾ ಹನ್ನೆರಡನೆಯ ಹೆಸರು ಹೊಲಿದಳು. ಮುಗಿಸಿ ನೂಲು ಕಡಿಯುವಾಗ, ಮತ್ತೆ ತೊಳೆಯಲೆಂದು ಇಟ್ಟಿದ್ದ ಬೆಡ್‌ಶೀಟಿನ ಮೇಲೆ ಅವಳ ಕಣ್ಣು ಹೋಯಿತು. ತಾನು ಆರಿಸಿದ್ದು ಚೆಂಡು ತೆಗೆದುಕೊಂಡು ಓಡುವವನನ್ನೋ, ಗೇಟು ಹಾಕುವವನನ್ನೋ?

ಶನಿವಾರ ಮೈದಾನದಲ್ಲಿ ಹುಡುಗರು ವೃತ್ತವಾಗಿ ಕೂತರು. ಮಾಸ್ಟ್ರು ಪಟ್ಟಿಯನ್ನು ಮಗುಚಿದಾಗ ಅಝೀಮನ ಕೈ ಅರ್ಧ ಮುಂದೆ ಬಂದಿತ್ತು.

"ಚಿದಾನಂದ."

ಅಝೀಮ್ ಅದೇ ಕೈಯಿಂದ ಚಪ್ಪಾಳೆ ತಟ್ಟಿದ. ಚಿದಾನಂದ ಮಾತ್ರ ಯಾರೋ ಬೈದ ಹಾಗೆ ಹಿಂದೆ ತಿರುಗಿ ನೋಡಿದ.

ತಂಡ ವಲಯ ಮಟ್ಟದಲ್ಲಿ ಗೆದ್ದಿತು. ಬಂಟ್ವಾಳದಲ್ಲಿ ತಾಲೂಕು ಮಟ್ಟವನ್ನೂ ಗೆದ್ದು ಬಂದ ಸಂಜೆ ಚಿದಾನಂದ ಬಿಸಿ ಗೋಳಿಬಜೆಯ ಪೊಟ್ಟಣ ತಂದು ಉಮ್ಮನ ಕೈಗಿತ್ತ. ಗೆದ್ದರೆ ಗೋಡೆಯಾಚೆಗೂ ಪಾಲು ಹೋಗಬೇಕೆಂಬುದು ಆ ತಂಡದ ಕ್ರಮ. ಶಿಫಾನಾ ತನ್ನ ಪಾಲನ್ನೂ ಉಮ್ಮನ ಕಡೆಗೆ ಸರಿಸಿದಳು. ಸೋತಿದ್ದರೆ ತಪ್ಪು ತನ್ನದೆಂದು ತಿಳಿಯುತ್ತಿತ್ತು. ಗೆದ್ದರೆ ಏನೆಂದು ತಿಳಿಯುವುದು?

ಮೂಡುಬಿದಿರೆಯಲ್ಲಿ ನಡೆದ ಜಿಲ್ಲಾ ಮಟ್ಟದ ಸೆಮಿಫೈನಲಿನಲ್ಲಿ ಅವರು ಸೋತರು. ಆಟ ಸಮ ಸಮ ಆಗಿ ಪೆನಾಲ್ಟಿಗೆ ಹೋಯಿತಂತೆ. ಕೊನೆಯದನ್ನು ಯಾರು ಹೊಡೆಯಬೇಕೆಂದು ನಾಯಕ ಹೇಳಬೇಕು. ಚಿದಾನಂದ ಅಝೀಮನನ್ನು ಕರೆದನಂತೆ. ಚೆಂಡು ಕಂಬಕ್ಕೆ ಬಡಿಯಿತಂತೆ.

ದಸರಾ ರಜೆಯಲ್ಲಿ ಹರಿಣಾಕ್ಷಿ ಟೀಚರು, ಜೂನಿನಲ್ಲೇ ಹೊಲಿಸಿಕೊಂಡು ಹೋಗಿದ್ದ ಬ್ಲೌಸನ್ನು ಮರಳಿ ತಂದರು. "ತೋಳು ಬಿಗಿ ಆಗ್ತದೆ ಮಾರಾಯ್ತಿ, ಸ್ವಲ್ಪ ಬಿಡು. ಅಳತೆಯ ಚೀಟಿ ಅದರಲ್ಲೇ ಉಂಟು, ನಾನು ತೆಗೆಯಲೇ ಇಲ್ಲ."

ಅವರು ಹೋದ ಮೇಲೆ ಶಿಫಾನಾ ಪಿನ್ನು ಬಿಚ್ಚಿದಳು. ಒಂದು ಮಗ್ಗುಲಲ್ಲಿ ಅವಳದೇ ಅಕ್ಷರ: ತೋಳು ಒಂಬತ್ತೂವರೆ, ಕುತ್ತಿಗೆ ಏಳು. ಇನ್ನೊಂದು ಮಗ್ಗುಲಲ್ಲಿ ಸುಹೈಬನ ಓರೆ ಅಕ್ಷರ: ಅಝೀಮ್.

ಅವಸರದಲ್ಲಿ ಕೈಗೆ ಸಿಕ್ಕಿದ ಕಾಗದದ ಮೇಲೆ ಅಳತೆ ಬರೆದವಳು ಅವಳೇ.

ಮರುದಿನ ರಜೆಗೆ ಬಂದಿದ್ದ ಸುಹೈಬನೂ ಅಝೀಮನೂ ಒಟ್ಟಿಗೆ ಬಂದರು. ಅಝೀಮನ ಜೆರ್ಸಿಯ ಕಂಕುಳು ಹರಿದಿತ್ತು. ಸುಹೈಬ್ ಅವಳ ಮುಖ ನೋಡಿಕೊಂಡೇ ಹೇಳಿದ:

"ಚಿದಾನಂದನ ಹೆಸರು ಬರೆದು ಕೊಟ್ಟದ್ದು ಒಳ್ಳೆಯದಾಯಿತು, ಅಲ್ವಾ ಅಕ್ಕ?"

ಅವನು ಮರೆತನೇ? ಅವಳನ್ನು ಉಳಿಸುತ್ತಿದ್ದಾನೆಯೇ? ಅಥವಾ ಗೆದ್ದವನನ್ನು ಆರಿಸಿದ ಕೀರ್ತಿ ತನಗಿರಲಿ ಎಂದೇ? ಅವಳು ಎಂದಿನಂತೆ ತಲೆಯಾಡಿಸಿದಳು. ಅವನು ಬೈಕಿನಲ್ಲಿ ಕಾಯುತ್ತಿದ್ದ ಮಾವನ ಜೊತೆ ಹೊರಟುಹೋದ.

ಅಝೀಮ್ ಜೆರ್ಸಿಗಾಗಿ ಜಗಲಿಯಲ್ಲೇ ಕೂತ. ಈ ಸಲ ಅವನು ತಮಾಷೆ ಮಾಡಲಿಲ್ಲ.

"ಮಿಜಾರಿನ ಬಸ್ಸು ಹತ್ತುವಾಗ ಇವ ನನಗೆ ಕಣ್ಣು ಹೊಡೆದಿದ್ದ ಅಕ್ಕ. ಅದು ಯಾಕೆ ಅಂತ ನನಗೆ ಇನ್ನೂ ಗೊತ್ತಾಗಲಿಲ್ಲ."

ಮಿಶನ್ ನಿಂತಿತು. ಶಿಫಾನಾ ಡ್ರಾಯರ್ ಎಳೆದು ಚೀಟಿಯನ್ನು ಅವನ ಕಡೆ ಚಾಚಿದಳು. ಅವನು ಹೆಸರು ಓದಿದ. ಮಗುಚಿ ಅಳತೆಯನ್ನೂ ಓದಿದ.

"ಇದು ಯಾರ ತೋಳು?"

"ಟೀಚರ್ದು" ಎಂದಳು. ಅವನೊಡನೆ ಅವಳು ಆಡಿದ ಮೊದಲ ಮಾತು ಅದು. ಮತ್ತೆ, "ನನ್ನದು ತಪ್ಪು. ಚೀಟಿ ಕಳೆದುಹಾಕಿ ನಾನೇ ಹೆಸರು ಹಾಕಿದೆ."

ಅಝೀಮ್ ಬಹಳ ಹೊತ್ತು ಚೀಟಿಯನ್ನು ಆಚೆ ಈಚೆ ಮಗುಚಿದ.

"ನಾನು ಕ್ಯಾಪ್ಟನ್ ಆಗಿದ್ದರೂ ಆ ಕೊನೆಯ ಪೆನಾಲ್ಟಿ ನಾನೇ ಹೊಡೀತಿದ್ದೆ" ಎಂದ ಕಡೆಗೆ. "ಚಿದನಿಗೆ ಹೇಳ್ಬೇಡಿ."

ಕೋಪವೋ, ದುಃಖವೋ, ಸಮಾಧಾನವೋ, ಅವನ ಮುಖದಲ್ಲಿ ಅವಳಿಗೆ ಓದಲಾಗಲಿಲ್ಲ. ಜೆರ್ಸಿ ಹೆಗಲಿಗೆ ಹಾಕಿ ಗೇಟಿನ ತನಕ ಹೋದ. ಅಲ್ಲಿ ನಿಂತು, ತಿರುಗಿ ಬಂದು, ಎಂದಿನ ಹಾಗೆ ಗೋಡೆ ಹಾರಿದ.

ಚೀಟಿ ಜಗಲಿಯ ಮೇಲೆ ಉಳಿದಿತ್ತು. ಅವಳಿಗೆಂದು ಬಿಟ್ಟನೋ, ಮರೆತನೋ. ಒಲೆಗೆ ಹಾಕುವ ಹಾಗಿರಲಿಲ್ಲ. ಟೀಚರ ಅಳತೆ ಬೇರೆಲ್ಲೂ ಬರೆದಿಟ್ಟಿರಲಿಲ್ಲ. ಅವಳು ಒಂಬತ್ತೂವರೆಯನ್ನು ಹೊಡೆದು ಹತ್ತು ಎಂದು ಬರೆದಳು. ಹೆಸರಿನ ಮಗ್ಗುಲನ್ನು ಒಳಗೆ ಮಾಡಿ ಬ್ಲೌಸಿಗೆ ಪಿನ್ನು ಚುಚ್ಚಿ, ಹೊಲಿಗೆ ಬಿಡಿಸಲು ಕೂತಳು.